ಎರಡೂ ತುದಿ ಕೂತ ಸ್ಟ್ರಟ್ ಬಾರ್

ಕಾಂತರಾಜ್,

೨೦೧೯ರ ಯುಗಾದಿಯ ಮರುದಿನ, ಕೊಳ್ಳುತ್ತೇನೆಂದು ನೋಡಿಹೋದ ನನ್ನ ಕಾರಿನ ಬಗ್ಗೆ ಕೊಪ್ಪದ ಟೀ ಅಂಗಡಿಯಲ್ಲಿ ಎಲ್ಲರೆದುರು ನೀನು, "ಗುದ್ದಿರೋ ಗಾಡಿ ಕಣ್ರಲಾ, ಬಾಡಿನೇ ಸೊಟ್ಟ, ನನ್ ತಲೆಗೆ ಕಟ್ಟಕ್ ನೋಡ್ದ" ಅಂದೆ. ಆಮೇಲೆ ನಮ್ಮ ಮನೆಗೆ ಬರಲೇ ಇಲ್ಲ.

ಇವತ್ತು ಅಂಗಳದಲ್ಲಿ ಅದೇ ಕಾರಿಗೆ ಸ್ಟ್ರಟ್ ಬಾರ್ ಹಾಕಿದೆ. ಬಾನೆಟ್ ಒಳಗೆ, ಮುಂದಿನ ಎರಡು ಸಸ್ಪೆನ್ಷನ್‌ಗಳ ನೆತ್ತಿಯನ್ನು ಜೋಡಿಸುವ ಅಡ್ಡ ಸರಳು ಅದು. ಬಾಡಿ ಸೊಟ್ಟಗಿದ್ದರೆ ಅದರ ತೂತುಗಳು ಬೋಲ್ಟಿಗೆ ಕೂರುವುದಿಲ್ಲ.

"ಆ ತುದಿ ಇಡ್ಕೊಳ್ಲಾ" ಎಂದು ಹಳೇ ರೂಢಿಯಲ್ಲಿ, ನೀನು ಪಕ್ಕದಲ್ಲೇ ಇರುವ ಹಾಗೆ, ಅಂದುಬಿಟ್ಟೆ.

ಪಕ್ಕದ ಮನೆಯ ಪುಟ್ಟಮಲ್ಲಮ್ಮ ಇಣುಕಿ, "ಯಾರ್ ಜೊತ್ಗಪ್ಪ ಮಾತು?" ಅಂದರು.

"ಯಾರೂ ಇಲ್ಲ ಬುಡವ್ವ."

ಎರಡೂ ತುದಿ ಒತ್ತದೆಯೇ ಕೂತವು.

ಅಂದು ನಿನ್ನ ಮಾತು ಕೇಳಿದವರೆಲ್ಲ ಇನ್ನೂ ಇದ್ದಾರೆ. ಅವರನ್ನು ಕರೆದುಕೊಂಡು ಬಾ. ಎಲ್ಲಿ ಸೊಟ್ಟಗಿದೆ ಎಂದು ಅವರೆದುರೇ ಬೆರಳಿಟ್ಟು ತೋರಿಸು.