ಎಂಟನೆಯ ತರಗತಿಗೆ ದಾಖಲಾದ ಅಧಿಕಾರಿಗಳಿಗೆ

ಮಕ್ಕಳಿಗೆ ಕೃತಕ ಬುದ್ಧಿಮತ್ತೆಯ ನೀತಿ ಬೋಧಿಸುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಸಮಸ್ತ ನಾಡಿಗೆ ಸಾರುವುದೇನೆಂದರೆ, ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸವಣೂರಿನ ಶಾಲೆಯಲ್ಲಿ ಒಂದು ಜಡೆ ಸರ್ಕಾರಿ ಮೊಬೈಲಿನಲ್ಲಿ ಸೆರೆಯಾಯಿತು. ಎಣ್ಣೆ ಹಚ್ಚಿದ, ಕೆಂಪು ರಿಬ್ಬನ್ನಿನ, ಯಾರಿಗೂ ಕೇಡು ಬಗೆಯದ ಜಡೆ. ಅದರ ಒಡತಿ ತರನ್ನುಮ, ಎಂಟನೆಯ ತರಗತಿಯವಳು, ನನ್ನ ನೆರೆಮನೆಯ ಹುಡುಗಿ. ಆ ಜಡೆಯ ಅಪರಾಧಕ್ಕಾಗಿ ನೋಟಿಸು ಕೊಟ್ಟು ಅವಳನ್ನು ಗುರುವಾರದಿಂದ ತರಗತಿಯ ಹೊರಗಿಟ್ಟಿದ್ದೀರಿ. ತಪ್ಪೊಪ್ಪಿಗೆ ಪತ್ರ ಕೊಟ್ಟರಷ್ಟೇ ಒಳಗೆ ಎಂದಿದ್ದೀರಿ.

ನಿಮ್ಮ ‘ಯಂತ್ರನೀತಿ ಸಪ್ತಾಹ’ದ ವೈಭವವನ್ನು ಮೊದಲು ಹೊಗಳಬೇಕು. ನಲವತ್ತೆರಡು ಮಕ್ಕಳಿಗೆ ಕೈಪಿಡಿ ಒಂದೇ, ಬ್ಯಾನರ್ ಮಾತ್ರ ಗೋಡೆಯಷ್ಟು. ಅದರಲ್ಲಿ ನಿಮ್ಮ ನಗುಮುಖ ಕುಂಬಳಕಾಯಿಯಷ್ಟು. ಬಲಗೈ ಮುಂದೆ ಚಾಚಿಸಿ ನೀವೇ ಪ್ರತಿಜ್ಞೆ ಬೋಧಿಸಿದಿರಿ: ‘ಕೇಳದೆ ಯಾರ ಮುಖವನ್ನೂ ಯಂತ್ರಕ್ಕೆ ಒಪ್ಪಿಸೆನು.’ ಮಕ್ಕಳು ಚಾಚಿದ ಕೈ ಇಳಿಸುವುದರೊಳಗೆ ಮೊಬೈಲ್ ಎತ್ತಿದಿರಿ. ಮುಖ ಎಣಿಸುವ ಆ್ಯಪಿಗೆ ಫೋಟೋ ಏರಿಸದಿದ್ದರೆ ಕಾರ್ಯಕ್ರಮ ನಡೆದೇ ಇಲ್ಲವಂತೆ!

“ಸರ್, ನಮ್ಮನ್ನ ಕೇಳಲೇ ಇಲ್ಲಲ್ರಿ?” ಎಂದಳು ತರನ್ನುಮ.

“ಏನ್ ಕೇಳೂದು?” ಎಂದಿರಿ ನೀವು.

“ನಮ್ಮ ಮುಖ ಆ್ಯಪಿಗೆ ಹಾಕಾಕ. ಈಗಷ್ಟ ನೀವ ಹೇಳಿಸಿದ್ರಲ್ರಿ.”

“ಅದು ಪ್ರತಿಜ್ಞೆ, ಇದು ಪ್ರೂಫು. ಸುಮ್ನ ಈ ಕಡೆ ನೋಡು!”

ಅವಳು ಬೆನ್ನು ತಿರುಗಿಸಿ ಆ ಕಡೆ ನೋಡಿದಳು. ನಡೆದದ್ದು ಇಷ್ಟು.

ಇನ್ನು ನಿಮ್ಮ ಯಂತ್ರದ ಜಾಣತನ. ಅದು ಎಣಿಸಿ, ನಲವತ್ತೆರಡು ಮುಖ, ಎಲ್ಲರೂ ಹಾಜರು ಎಂದಿತು. ಹೇಗೆ ಗೊತ್ತೇ? ತರನ್ನುಮಳ ಬದಲಿಗೆ ಬ್ಯಾನರಿನ ಮೇಲಿದ್ದ ನಿಮ್ಮನ್ನೇ ಹಿಡಿದುಕೊಂಡಿತು. ಅಭಿನಂದನೆಗಳು, ನೀವೀಗ ಎಂಟನೆಯ ತರಗತಿಯ ವಿದ್ಯಾರ್ಥಿ. ಪ್ರವೇಶ ಪರೀಕ್ಷೆ ಇಟ್ಟಿದ್ದರೆ ಸೀಟು ಸಿಗುತ್ತಿತ್ತೋ ಇಲ್ಲವೋ! ಯಂತ್ರಕ್ಕೆ ಯಾವ ತಕರಾರೂ ಇರಲಿಲ್ಲ. ಮರುದಿನ ಕಚೇರಿಯಲ್ಲಿ ಕುಳಿತು, ಫೋಟೋ ದೊಡ್ಡದು ಮಾಡಿ, ಜಡೆಯನ್ನು ಪತ್ತೆಹಚ್ಚಿ ಮುನಿಸಿಕೊಂಡವರು ನೀವು. ಕೇಳಿ ತಿಳಿಯಿರಿ, ಯಂತ್ರ ಹೇಳಿದ್ದನ್ನೆಲ್ಲ ನಂಬಬೇಡಿ, ನಿಮ್ಮ ಮುಖ ನಿಮ್ಮದು ಎಂದು ಮಕ್ಕಳಿಗೆ ಕಲಿಸಲು ಬಂದವರಲ್ಲವೇ ತಾವು? ಇಡೀ ಊರಿನಲ್ಲಿ ಒಬ್ಬಳು ಕಲಿತಳು. ನಿಮಗೋ ಎಣಿಕೆಗೆ ತಲೆ ಸಿಕ್ಕರೆ ಸಾಕಿತ್ತು. ಆ ತಲೆಯೊಳಗೆ ಪಾಠ ಇಳಿದದ್ದೇ ತೊಂದರೆಯಾಯಿತು.

ಪತ್ರಿಕೆಗೆ ಬರೆಯುವ ನಾನು ಏನನ್ನಾದರೂ ಬರೆಯಬಲ್ಲೆನೆಂಬ ಭ್ರಮೆಯಲ್ಲಿ ಅವಳ ಅಜ್ಜಿ ಗೌಸಬಿ, ಮಾಫಿ ಪತ್ರ ಬರೆಸಲು ಮೊಮ್ಮಗಳನ್ನು ಕರೆದುಕೊಂಡು ನನ್ನಲ್ಲಿಗೇ ಬಂದರು. ಪೆನ್ನು ಹಿಡಿದು, “ಏನ್ ತಪ್ಪಂತ ಬರೀಲ್ರಿ?” ಎಂದೆ.

“ಓದಿದವರು, ನೀವ ಹೇಳ್ರಿ ರಾಯರ. ಹುಡುಗಿ ನೋಡಾಕ ಬಂದ ಬೀಗರು ಸುದ್ದಾ ಕೇಳೇ ಫೋಟೋ ಒಯ್ತಾರ. ಇವರೇನು ಬೀಗರಿಗಿಂತ ದೊಡ್ಡವರೇನ್ರಿ?”

ತರನ್ನುಮ ತಲೆ ಎತ್ತದೆ ಹೇಳಿದಳು: “ಕಾಕಾ, ‘ಪಾಠ ಲಕ್ಷ್ಯ ಕೊಟ್ಟು ಕೇಳಿದ್ದ ತಪ್ಪಾತು’ ಅಂತ ಬರೀರಿ. ಆದ್ರ ನಾ ಸಹಿ ಮಾಡೂದಿಲ್ಲ. ಸಾಲಿಗೆ ಮಾತ್ರ ಹೋಗಬೇಕು ನನಗ.” ಹೇಳುತ್ತಲೇ ಅತ್ತಳು. ಒಂದು ತಾಸು ಕುಳಿತರೂ ನನ್ನ ಹಾಳೆಯಲ್ಲಿ ‘ಮಾನ್ಯರೇ’ ಬಿಟ್ಟು ಇನ್ನೊಂದು ಶಬ್ದ ಮೂಡಲಿಲ್ಲ. ಅದೇ ಹಾಳೆಯನ್ನು ಈಗ ಹೀಗೆ ಮುಂದುವರಿಸಿದ್ದೇನೆ.

ಆದ್ದರಿಂದ ನಮ್ಮ ಒತ್ತಾಯ: ಆ ನೋಟಿಸನ್ನು ಹಿಂಪಡೆಯಿರಿ. ಆ್ಯಪಿನಲ್ಲಿರುವ ಫೋಟೋ ಅಳಿಸಿಹಾಕಿ. ಇನ್ನೊಂದು ಬೇಕೆಂದರೆ ಪ್ರತಿಯೊಂದು ಮಗುವನ್ನೂ, ಅವರ ಮನೆಯವರನ್ನೂ ಕೇಳಿ. ಯಾರಾದರೂ ಬೇಡವೆಂದರೆ ಮರ್ಯಾದೆಯಿಂದ ಮೊಬೈಲ್ ಜೇಬಿಗೆ ಹಾಕಿಕೊಳ್ಳಿ.

ಇದಕ್ಕೆಲ್ಲ ಮೇಲಿನಿಂದ ಆದೇಶ ಬರಬೇಕೆಂದು ನೀವು ಕಾಯುವುದಾದರೆ, ಅಲ್ಲಿಯವರೆಗೆ ಒಂದೇ ಒಂದು ಸಣ್ಣ ಉಪಕಾರ ಮಾಡಿ. ಸೋಮವಾರ ಹತ್ತಕ್ಕೆ ಗಣಿತದ ಪರೀಕ್ಷೆಯಿದೆ. ಅಷ್ಟರೊಳಗೆ ಮುಖ್ಯೋಪಾಧ್ಯಾಯರಿಗೊಂದು ಫೋನ್ ಮಾಡಿ, ಅವಳನ್ನು ಒಳಗೆ ಬಿಡಲು ಹೇಳಿ. ಕಂಪಾಸ್ ಬಾಕ್ಸ್ ಹಿಡಿದುಕೊಂಡು ಹುಡುಗಿ ಒಂಬತ್ತೂವರೆಗೇ ಗೇಟಿನ ಹತ್ತಿರ ನಿಂತಿರುತ್ತಾಳೆ.

ಇಂತಿ,
ಮಾಫಿ ಪತ್ರವೊಂದನ್ನು ಬಿಟ್ಟು ಉಳಿದೆಲ್ಲ ಬರೆದು ಕುಳಿತಿರುವ
ರಘುವೀರ, ಸವಣೂರು