ಹಾಲೆ ಮರದ ಏರಿಯಲ್

4 ಡಿಸೆಂಬರ್ 1977, ಭಾನುವಾರ. ಬೆಳಿಗ್ಗೆ

ಕೊನೆಗೂ ಆಸ್ಟ್ರೇಲಿಯಾ ಸಿಕ್ಕಿತು! ಇಷ್ಟು ದಿನ ಟ್ರಾನ್ಸಿಸ್ಟರಿನಲ್ಲಿ ಬರೀ ಗೊರಗೊರ. ನಿನ್ನೆ ಏರಿಯಲ್ಲಿಗೆ ಅಂತ ತಾಮ್ರದ ತಂತಿಯನ್ನು ಮನೆ ಹಿಂದಿನ ಗುಡ್ಡೆಯ ಹಾಲೆ ಮರಕ್ಕೆ ಎಳೆದು ಕಟ್ಟಿದೆ. ಆಲಂಕಾರಿನಲ್ಲಿ ನನ್ನ ಬಾಡಿಗೆ ಮನೆಯ ಹತ್ತಿರ ಎತ್ತರದ ಮರ ಅದೊಂದೇ. ಕೈಗೆ ಎಟುಕಲಿಲ್ಲ. ಬುಡದಲ್ಲಿ ತರಗೆಲೆಯ ಅಡಿ ಒಂದು ಕಲ್ಲಿತ್ತು, ಅದರ ಮೇಲೆ ನಿಂತು ದೊಡ್ಡ ಮೊಳೆ ಹೊಡೆದೆ. ಈಗ ಬ್ರಿಸ್ಬೇನ್ ಟೆಸ್ಟಿನ ಚಪ್ಪಾಳೆ ನಮ್ಮ ಜಗಲಿಗೆ!

ಸೀತು ಹೇಳಿದ್ದು: "ಆಸ್ಟ್ರೇಲಿಯಾದಲ್ಲಿ ಮಾತಾಡಿದ್ದು ನಿಮಗೆ ಕೇಳ್ತದೆ. ನಾನು ಅಡಿಗೆಕೋಣೆಯಿಂದ ಕರೆದ್ರೆ ಮಾತ್ರ ಕೇಳುದಿಲ್ಲ."

ಅವಳಿಗೆ ಐದು ತಿಂಗಳು. ಹೋದ ವರ್ಷದ್ದು ಮೂರರಲ್ಲೇ ಹೋಯಿತು... ಆ ಮಾತು ಇಲ್ಲಿ ಬೇಡ.

6 ಡಿಸೆಂಬರ್

ಸೋಲು. ಹದಿನಾರೇ ಹದಿನಾರು ರನ್. ಊಟ ಸೇರಲಿಲ್ಲ. ಶಾಲೆಯಲ್ಲಿ ಏಳನೆಯವರಿಗೆ ವಿನಾಕಾರಣ ಬೈದೆ.

11 ಡಿಸೆಂಬರ್, ಸಂಜೆ

ಇವತ್ತಿನ ನನ್ನ ಅಕ್ಷರ ನೋಡಿದರೆ ಒಂದನೇ ಕ್ಲಾಸಿನ ಮಕ್ಕಳದ್ದೇ ವಾಸಿ.

ಪಕ್ಕದ ಮನೆಯ ಅಮ್ಮಕ್ಕ ಸೀತುವಿಗೆ ಬಸಳೆ ತಂದು ಕೊಟ್ಟು ಜಗಲಿಯಲ್ಲಿ ಕೂತಿದ್ದರು. ಮಾತಿನ ನಡುವೆ, "ಮಾಷ್ಟ್ರೆ, ಇವಳನ್ನು ಆ ಗುಡ್ಡೆಯ ಕಡೆ ಬಿಡಬೇಡಿ ಆಯ್ತಾ. ಹಾಲೆ ಮರದ ಬುಡದಲ್ಲಿ ಗುಳಿಗ ಭೂತ ಉಂಟು. ಬಸುರಿ ಹೆಂಗಸರು ಆ ಬದಿಗೆ ಹೋಗುದಿಲ್ಲ" ಅಂದರು.

"ಗುಳಿಗ ಅಂದ್ರೆ... ಗುಡಿ ಎಂತದೂ ಕಾಣುದಿಲ್ಲ?"

"ಗುಡಿ ಎಂತಕ್ಕೆ? ಒಂದು ಕಲ್ಲು ಉಂಟಲ್ಲ."

ಕಲ್ಲು!

ಅದರ ಮೇಲೆ ನಿಂತವನು ನಾನು. ಚಪ್ಪಲಿ ಸಮೇತ.

13 ಡಿಸೆಂಬರ್

ಇವತ್ತು ಕ್ಲಾಸಿನಲ್ಲಿ ಒಬ್ಬ ಕೇಳಿದ, "ಸರ್, ಭೂತ ಉಂಟಾ?" ಪ್ರತಿ ವರ್ಷ ಈ ಪ್ರಶ್ನೆಗೆ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದೆ. ಬೋರ್ಡಿನ ಮೇಲೆ "ಭಯಕ್ಕೆ ಅಜ್ಞಾನವೇ ಕಾರಣ" ಅಂತ ದೊಡ್ಡದಾಗಿ ಬರೆದು ಅಡಿಗೆರೆ ಹಾಕುವುದು ಬೇರೆ. ಇವತ್ತು, "ಅದು ಸಿಲೆಬಸ್‌ನಲ್ಲಿ ಇಲ್ಲ, ಕೂತ್ಕೊ" ಅಂದೆ.

ನಾನು ಬಿ.ಎಸ್ಸಿ. ಫಿಸಿಕ್ಸ್. ಹಾಗಂತ ಹತ್ತು ಸಲ ಹೇಳಿಕೊಂಡೆ. ಹೊಟ್ಟೆಯೊಳಗಿನ ಹೆದರಿಕೆ ಕಾಲೇಜಿಗೆ ಹೋದದ್ದಲ್ಲವಲ್ಲ.

14 ಡಿಸೆಂಬರ್

ಶಾಲೆಯಿಂದ ಬೇಗ ಬಂದು ಇಕ್ಕಳ ಹಿಡಿದು ಗುಡ್ಡೆ ಹತ್ತಿದೆ. ಈ ಸಲ ಚಪ್ಪಲಿ ಕೆಳಗೇ ಬಿಟ್ಟೆ. ಮೊಳೆಯ ಸುತ್ತ ಬಿಳಿ ಹಾಲು ಇಳಿದು ಗಟ್ಟಿಯಾಗಿದೆ. ಹಾಲೆ ಮರ, ಹಾಲು ಬಂದೇ ಬರುತ್ತದೆ, ಗೊತ್ತು. ಆದರೂ ನೋಡಲಾಗಲಿಲ್ಲ. ನಮ್ಮ ಐವರ್ನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಗೆ ಅಪ್ಪ ಕಷಾಯಕ್ಕೆ ಈ ಮರದ ತೊಗಟೆಯ ಕೆತ್ತೆ ತರುತ್ತಿದ್ದದ್ದು ಕಲ್ಲಿನಿಂದ ಜಜ್ಜಿ. ಕಬ್ಬಿಣ ತಾಗಿಸಬಾರದು. ಅದು ಆ ಒಂದು ದಿನದ ನಿಯಮ, ಮದ್ದಿಗಾಗಿ, ಅಂತ ತಿಳಿದಿದ್ದೆ. ಈಗ ಮೊಳೆ ತೆಗೆಯಬೇಕಾದರೆ ಪುನಃ ಕಬ್ಬಿಣವೇ ಮುಟ್ಟಿಸಬೇಕು. ಪುನಃ ಆ ಕಲ್ಲು ಹತ್ತಬೇಕು.

ವಾಪಸು ಬಂದೆ. ಇಕ್ಕಳ ಅಲ್ಲೇ ಬಿದ್ದಿದೆ. ತರಲು ಧೈರ್ಯ ಇಲ್ಲ.

5 ಜನವರಿ 1978

ಮೆಲ್ಬೋರ್ನಿನಲ್ಲಿ ಗೆದ್ದೆವು!!

ಬರೆಯಲು ನಾಚಿಕೆ. ಪರ್ತಿನಲ್ಲೂ ಸೋತ ಮೇಲೆ ಒಂದು ಎಳನೀರು ಒಯ್ದು ಆ ಕಲ್ಲಿಗೆ ದೂರದಿಂದಲೇ ಇಟ್ಟು ಓಡಿ ಬಂದಿದ್ದೆ. ಬೇಡಿಕೊಂಡದ್ದು ಸೀತುವಿನ ಬಗ್ಗೆ. ಸಿಕ್ಕಿದ್ದು ಮೆಲ್ಬೋರ್ನ್. ವಿಳಾಸ ತಪ್ಪಿತೋ ಏನೋ.

ಸೀತುವಿಗೆ ಸೊಂಟ ನೋವು. "ಬಸುರಿಗೆ ಸೊಂಟ ನೋಯದೆ ಮತ್ತೆಂತ ನೋಯುದು?" ಅಂತಾಳೆ. ನನಗೆ ಆ ಬಿಳಿ ಹಾಲಿನದ್ದೇ ನೆನಪು.

22 ಜನವರಿ, ಭಾನುವಾರ

ಸೀತುವಿಗೆ ಹೇಳಿಬಿಟ್ಟೆ. ಮೊಳೆಯದ್ದು ಮಾತ್ರ. ಕಲ್ಲು ಮೆಟ್ಟಿದ್ದು ನಾಲಿಗೆ ತನಕ ಬಂದು ನಿಂತಿತು.

ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಳ್ಳೆ ಸೈನ್ಸ್ ಮಾಷ್ಟ್ರು ಮಾರಾಯ್ರೆ ನೀವು!" ಆಮೇಲೆ ನಗು ನಿಂತಿತು. "ಹೋದ ವರ್ಷ ಆದದ್ದಕ್ಕೆ ತಂತಿಯೂ ಇರ್ಲಿಲ್ಲ, ಮೊಳೆಯೂ ಇರ್ಲಿಲ್ಲ. ಹಾಗೆಲ್ಲ ಯೋಚನೆ ಮಾಡಬೇಡಿ" ಅಂದಳು. ಹೇಳುವಾಗ ಸೆರಗು ಹೊಟ್ಟೆಯ ಮೇಲೆ ಎಳೆದುಕೊಂಡದ್ದನ್ನು ನೋಡಿದೆ.

ಮನೆ ಯಜಮಾನರು ಕಿಟ್ಟಣ್ಣ ಬಂದಿದ್ದರು. ಗುಡ್ಡೆಯ ಗುಳಿಗನಿಗೆ ವರ್ಷಕ್ಕೊಮ್ಮೆ ತಂಬಿಲದ ಸೇವೆ ಕೊಡುವವರು ಅವರೇ. ಈ ಸಲ ಫೆಬ್ರವರಿ ಎರಡಕ್ಕೆ. ಆ ದಿನ ಬೆಳಿಗ್ಗೆ ಬುಡ ಗುಡಿಸಿ, ಕಲ್ಲು ತೊಳೆದು, ಹೂ ನೀರು ಇಡುತ್ತಾರಂತೆ. "ನೀವೂ ಬನ್ನಿ ಮಾಷ್ಟ್ರೆ."

ಅಷ್ಟರೊಳಗೆ ತಂತಿ ಬಿಚ್ಚಲೇಬೇಕು. ಬಿಚ್ಚುತ್ತೇನೆ.

29 ಜನವರಿ

ಬಿಚ್ಚಲಿಲ್ಲ. ನಿನ್ನೆ ಅಡಿಲೇಡ್ ಟೆಸ್ಟ್ ಶುರು. ನಾಲ್ಕನೆಯದ್ದೂ ಗೆದ್ದು ಈಗ ಎರಡು–ಎರಡು ಸಮ, ಇದು ಕೊನೆಯದ್ದು. ಇದೊಂದು ಮುಗಿಯಲಿ ಅಂದುಕೊಂಡೆ... ಹೆದರಿ ಸಾಯುತ್ತಿರುವ ಮನುಷ್ಯನಿಗೆ ಕಾಮೆಂಟರಿ ಬೇಕು! ನನ್ನಂಥ ಮಂಗ ಇನ್ನೊಬ್ಬನಿಲ್ಲ.

ಸೀತುವಿನ ಕಾಲು ಊದಿದೆ. ಮುಂದಿನ ವಾರ ಬಯಕೆ ಶಾಸ್ತ್ರ, ಆಮೇಲೆ ತವರಿಗೆ. ಅವಳ ಕೆದಂಬಾಡಿಯಿಂದ ಪುತ್ತೂರಿನ ಆಸ್ಪತ್ರೆ ಹತ್ತಿರ. ಅಲ್ಲಿಗೆ ಮುಟ್ಟಿದರೆ ಸಾಕು.

2 ಫೆಬ್ರವರಿ, ಗುರುವಾರ. ಮಧ್ಯಾಹ್ನ

ಆದದ್ದು ಆದ ಹಾಗೆಯೇ ಬರೆಯುತ್ತೇನೆ.

ನಾನು ಹೋಗುವಾಗ ಕಿಟ್ಟಣ್ಣ ಮತ್ತು ನಾಲ್ಕೈದು ಮಂದಿ ಬುಡ ಗುಡಿಸಿ ಆಗಿತ್ತು. ಕಲ್ಲಿನ ಹತ್ತಿರ ನನ್ನ ಇಕ್ಕಳ, ತುಕ್ಕು ಹಿಡಿದು. ಕಿಟ್ಟಣ್ಣ ತಲೆ ಎತ್ತಿ ಮೊಳೆ ನೋಡಿದರು. ಮೊಳೆಯಿಂದ ತಂತಿ. ತಂತಿಯ ಉದ್ದಕ್ಕೂ ಹಾಯ್ದ ಕಣ್ಣು ನಮ್ಮ ಮನೆಯ ಮಾಡಿಗೆ ಬಂದು ನಿಂತಿತು. ಆಮೇಲೆ ನನ್ನ ಮುಖಕ್ಕೆ.

"ಇದು ಎಂತ ಮಾಷ್ಟ್ರೆ?"

ನಾನು ಬಗ್ಗಿ ಇಕ್ಕಳ ಹೆಕ್ಕಿಕೊಂಡೆ.

ಅಷ್ಟರಲ್ಲಿ ಕೆಳಗೆ ನಮ್ಮ ಬೇಲಿಯ ಹತ್ತಿರದಿಂದ ಸೀತುವಿನ ಸ್ವರ. ಬರಬಾರದ ಜಾಗದ ಅಂಚಿನ ತನಕ ಬಂದಿದ್ದಾಳೆ, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು. "ಕಿಟ್ಟಣ್ಣ, ಅದು ನಾನು ಕಟ್ಟಿಸಿದ್ದು. ಸಿಲೋನ್ ರೇಡಿಯೋದ ಪದ್ಯ ಕೇಳ್ಬೇಕು ಅಂತ ನಾನೇ ಹಟ ಮಾಡಿದ್ದು. ಅವರು ಬೇಡ ಅಂತಲೇ ಹೇಳಿದ್ರು."

ಸುಳ್ಳು. ಶುದ್ಧ ಸುಳ್ಳು. ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಕಿಟ್ಟಣ್ಣ ಬೈಯಲಿಲ್ಲ. ಒಂದು ಕಲ್ಲು ಹುಡುಕಿ, ಒಬ್ಬನ ಹೆಗಲೇರಿ, ಮೊಳೆಯನ್ನು ಆಚೆ ಈಚೆ ಬಡಿದು ಬಡಿದು ಕೈಯಲ್ಲೇ ಕಿತ್ತರು. ತಂತಿ ಕೆಳಗೆ ಬಿತ್ತು. ಆಮೇಲೆ ಎಳನೀರು ಇಟ್ಟು, ಕೈಮುಗಿದು, ತುಳುವಿನಲ್ಲಿ ಅರಿಕೆ ಮಾಡಿದರು. ನಮ್ಮ ಮನೆಯ ಹೆಣ್ಣುಮಗಳು, ಸೀತು ಅಂತ ಹೆಸರು, ಗೊತ್ತಿಲ್ಲದೆ ತಪ್ಪು ಮಾಡಿದ್ದಾಳೆ, ಹೊಟ್ಟೆಯಲ್ಲಿ ಕೂಸು ಉಂಟು, ಕಾಪಾಡು ಅಂತ.

ಹೆಸರು ಹೇಳಿಬಿಟ್ಟರು. ಕಲ್ಲಿನ ಎದುರು, ಎಲ್ಲರ ಎದುರು. ತಪ್ಪು ಈಗ ಅವಳ ಹೆಸರಿಗೆ.

ಮನೆಗೆ ಬಂದು ಕೇಳಿದೆ, "ಎಂತಕ್ಕೆ ಹಾಗೆ ಹೇಳಿದ್ದು?"

"ನೀವು ಆಗ್ಲೇ ಅರ್ಧ ಜೀವ ಆಗಿದ್ರಿ. ಇನ್ನೂ ಹೆದರಿದ್ರೆ ನನ್ನನ್ನು ನೋಡಿಕೊಳ್ಳುದು ಯಾರು?" ಅಂದು ಗಂಜಿ ಬಡಿಸಿದಳು. ನನಗೆ ಅಳು ಬಂತು, ಅವಳೆದುರೇ ಅತ್ತೆ. ಆದರೂ ಕಲ್ಲಿನ ವಿಷಯ ಹೇಳಲಿಲ್ಲ. ಹೇಳಿದರೆ ಅದನ್ನೂ ಅವಳೇ ಹೊತ್ತುಕೊಂಡಾಳು.

3 ಫೆಬ್ರವರಿ, ಬೆಳಿಗ್ಗೆ

ಬೆಳಕು ಹರಿಯುವಾಗಿನಿಂದ ನೋವು. ಇನ್ನೂ ಎರಡು ತಿಂಗಳು ಉಂಟು, ಈಗಲೇ ನೋವು! ಅಮ್ಮಕ್ಕ ಒಳಗೆ ಅವಳ ಹತ್ತಿರ ಇದ್ದಾರೆ. ನನ್ನನ್ನು ಹೊರಗೆ ಕಳಿಸಿದರು. ಪೇಟೆಯ ಅಬ್ಬಾಸನ ಜೀಪಿಗೆ ಹೇಳಿ ಕಳಿಸಿದ್ದೇನೆ, ಪುತ್ತೂರಿಗೆ. ಬರಲಿಲ್ಲ ಇನ್ನೂ. ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಡಿಲೇಡ್ ಏನಾಯಿತೋ, ಏನಾದರೂ ಆಗಲಿ.

ನಿನ್ನೆ ತನಕ ನಗುತ್ತಿದ್ದವಳು ನಾನು ಹೊರಗೆ ಬರುವ ಮೊದಲು ನನ್ನ ಕೈ ಗಟ್ಟಿ ಹಿಡಿದು ಕೇಳಿದಳು, "ನಾನು ಹಾಗೆ ಸುಳ್ಳು ಹೇಳಬಾರದಿತ್ತಾ?"

ಭಯದಲ್ಲಿ ಅವಳ ಕೈ ತಣ್ಣಗಾಗಿತ್ತು. ಈ ಭಯ ನಾನು ಕೊಟ್ಟದ್ದು.

ಗುಳಿಗ ಇದ್ದಾನೋ ಇಲ್ಲವೋ, ಇವತ್ತು ನನಗೆ ಗೊತ್ತಿಲ್ಲ. ಫಿಸಿಕ್ಸ್ ಬೇಡ. ಪುತ್ತೂರಿನ ದಾರಿಯಲ್ಲೇ ಕಿಟ್ಟಣ್ಣನ ಮನೆ. ಜೀಪಿನಿಂದ ಇಳಿಯುವುದೂ ಬೇಡ, ಕೂತಲ್ಲಿಂದಲೇ ಕೂಗಿ ಹೇಳುತ್ತೇನೆ. ಮೊಳೆ ಹೊಡೆದದ್ದು ನಾನು. ಕಲ್ಲು ಮೆಟ್ಟಿದ್ದು ನಾನು. ಇವತ್ತೇ ಹೋಗಿ ಹೆಸರು ಬದಲಿಸಿ ಅರಿಕೆ ಮಾಡಿ ಕಿಟ್ಟಣ್ಣ, ಬರುವುದೆಲ್ಲ ನನಗೆ ಬರಲಿ. ಚೆನ್ನಕೇಶವ ಅಂತ ಹೇಳಿ. ಐವರ್ನಾಡಿನ ಚೆನ್ನಕೇಶವ. ಸೀತು ಅಲ್ಲ, ಅವಳು ಎಂತದೂ ಮಾಡಿದ್ದಲ್ಲ, ಅವಳು ಬರೀ—

ಹಾರ್ನ್. ಜೀಪು ಬಂತು. ಅಮ್ಮಕ್ಕ ಕರೆಯುತ್ತಿ—