ಹನ್ನೊಂದನೇ ಷರತ್ತಿನ ಲ್ಯಾಪ್‌ಟಾಪು

ಹಲಸೂರು
ಸೋಮವಾರ, 22 ಸೆಪ್ಟೆಂಬರ್ 2025

ಶ್ರೀವಿದ್ಯಾ,

ಕ್ಷೇಮವಾಗಿದ್ದೀಯ ಅಂದುಕೊಂಡಿದ್ದೇನೆ. ಏಳು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಹಿಂದಿನ ಎರಡನ್ನು ವಕೀಲರು ಬರೆದಿದ್ದರು, ನಾನು ಸಹಿ ಹಾಕಿದ್ದೆ ಅಷ್ಟೆ. ಅವುಗಳಲ್ಲಿ ನಾನು ಒಂದನೇ ಅರ್ಜಿದಾರ, ನೀನು ಎರಡನೇ ಅರ್ಜಿದಾರಳು. ಇದರಲ್ಲಿ ಹೆಸರು ಹಿಡಿದೇ ಕರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ವಿಷಯ ಮಧುರಾಳ ಲ್ಯಾಪ್‌ಟಾಪಿನದು. ನಮ್ಮ ವಿಚ್ಛೇದನದ ಒಪ್ಪಂದದ ಹನ್ನೊಂದನೇ ಷರತ್ತು ನಿನಗೆ ನೆನಪಿರುತ್ತದೆ, ಬರೆಸಿದವಳೇ ನೀನು. ಮಗಳು ಪಿಯುಸಿ ಮುಗಿಸಿ ಕಾಲೇಜು ಸೇರಿದಾಗ ಒಂದನೇ ಅರ್ಜಿದಾರರು ಆಕೆಗೆ ಐ5, ಎಂಟನೇ ಜನರೇಷನ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಕೊಡಿಸತಕ್ಕದ್ದು ಎಂದಿದೆ. 2018ರಲ್ಲಿ ಅದು ಒಳ್ಳೆಯ ಮಾಲು. ಈಗ ಅಂಗಡಿಯಲ್ಲಿ ಆ ಹೆಸರು ಹೇಳಿದರೆ ನಗುತ್ತಾರೆ. ಹದಿಮೂರನೇ ಜನರೇಷನ್ನೂ ಹಳತಾಗಿ, ಅದರಾಚೆ ಹೆಸರಿಡುವ ಕ್ರಮವನ್ನೇ ಬದಲಾಯಿಸಿದ್ದಾರಂತೆ. ಹದಿನಾಲ್ಕನೇ ಷರತ್ತಿನ ಪ್ರಕಾರ ಏನೇ ಬದಲಾವಣೆ ಮಾಡಿದರೂ ಇಬ್ಬರೂ ಬರಹದಲ್ಲಿ ಒಪ್ಪಿ ಸಹಿ ಮಾಡಬೇಕು. ಅದಕ್ಕೆ ಈ ಪತ್ರ. ಷರತ್ತು ಮೀರಿದರೆ ಏನಾಗುತ್ತದೆ ಎನ್ನುವುದು ಇನ್ಶೂರೆನ್ಸ್ ಆಫೀಸಿನ ಕ್ಲೇಮ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಿಕ್ಕ ಷರತ್ತುಗಳೆಲ್ಲ ಮುಗಿದುಹೋಗಿವೆ. ತಿಂಗಳ ಮೊದಲ ಮತ್ತು ಮೂರನೇ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮಗಳು ನನ್ನ ಜೊತೆ ಇರಬೇಕು ಅನ್ನುವುದೂ ಜುಲೈ ಒಂಬತ್ತಕ್ಕೆ, ಅವಳಿಗೆ ಹದಿನೆಂಟು ತುಂಬಿದ ದಿನ, ಮುಗಿಯಿತು. ಅದಕ್ಕೆ ಮೂರು ದಿನ ಮುಂಚೆ, ಕೊನೆಯ ಭಾನುವಾರ, ಇಂದಿರಾನಗರದ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ, ಲ್ಯಾಪ್‌ಟಾಪು ಒಂದು ಬಾಕಿ ಇದೆಯಲ್ಲ, ಇಬ್ಬರೂ ಹೋಗಿ ನೋಡೋಣವಾ ಅಂತ ಕೇಳಿದೆ. ಲೋಟದ ತಳ ನೋಡುತ್ತಾ, ಸರಿ ಅಪ್ಪ ಅಂದಳು. ಹಾಗಾಗಿ ಇನ್ನೂ ಬರುತ್ತಿದ್ದಾಳೆ. ಲ್ಯಾಪ್‌ಟಾಪು ಕೊಂಡ ದಿನ ಅದೂ ಮುಗಿಯುತ್ತದೆ. ಅದರಾಚೆ ಮಧುರಾ ನನ್ನನ್ನು ನೋಡಲೇಬೇಕು ಅನ್ನುವ ಕಾಗದ ಯಾವುದೂ ಇಲ್ಲ. ಇದನ್ನು ಬರೆಯುವಾಗ ನನಗೆ ಏನೂ ಅನ್ನಿಸುತ್ತಿಲ್ಲ, ಆಶ್ಚರ್ಯ. ಹಲ್ಲು ಕೀಳುವ ಮುಂಚೆ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗಿದ್ದೇನೆ. ಊಟ, ನಿದ್ದೆ, ಆಫೀಸು ಎಲ್ಲ ಸರಿಯಾಗಿದೆ.

ಮೊದಲ ಸಲ ಹೋಗಿದ್ದು ಜುಲೈ ಇಪ್ಪತ್ತಕ್ಕೆ, ಸಿ.ಎಂ.ಎಚ್. ರಸ್ತೆಯ ಅಂಗಡಿಗೆ. ಅಲ್ಲಿ ಭವ್ಯ ಅಂತ ಒಬ್ಬಳಿದ್ದಾಳೆ, ಬಹಳ ತಾಳ್ಮೆಯ ಹುಡುಗಿ. ನಾನು ಒಪ್ಪಂದದ ಪುಟವನ್ನೇ ತೆಗೆದು ತೋರಿಸಿದೆ. ಅವಳು ಓದಿ, ಸಾರ್ ಇದು ಈಗ ಎಲ್ಲೂ ಬರಲ್ಲ ಸಾರ್ ಅಂದಳು. ಆಮೇಲೆ, ಐ5 ಅಂತ ಬರೆದ್ರೆ ಮುಗೀಲಿಲ್ಲ, ಕೊನೇಲಿ ಯಾವ ಅಕ್ಷರ ಇದೆ ನೋಡ್ಬೇಕು; ಯು ಇದ್ರೆ ತಣ್ಣಗಿರತ್ತೆ, ಬ್ಯಾಟರಿ ಬರತ್ತೆ; ಎಚ್ ಇದ್ರೆ ಭಾರಿ ಕೆಲಸ ಮಾಡತ್ತೆ, ಆದ್ರೆ ಬಿಸಿ ಆಗತ್ತೆ, ಚಾರ್ಜರ್ ಹೊತ್ಕೊಂಡೇ ಓಡಾಡ್ಬೇಕು ಎಂದು ವಿವರಿಸಿದಳು. ಎಲ್ಲ ಕೇಳಿಸಿಕೊಂಡು ನಾನು ತಲೆದೂಗಿದೆ. ಕೊನೆಗೆ, ಮೇಡಂ ಏನ್ ಓದ್ತಾರೆ ಸಾರ್ ಅಂದಳು. ಎಂಜಿನಿಯರಿಂಗ್ ಅಂದುಬಿಟ್ಟೆ, ಜೋರಾಗಿಯೇ. ಮಧುರಾ ಪಕ್ಕದಲ್ಲೇ ಇದ್ದಳು. ಮೆಲ್ಲಗೆ, ಅಪ್ಪಾ, ಆರ್ಕಿಟೆಕ್ಚರ್ ಅಂದಳು. ಭವ್ಯ ಪಾಪ, ಒಂದು ಬಟ್ಟೆ ತಗೊಂಡು ಧೂಳೇ ಇಲ್ಲದ ಸ್ಕ್ರೀನ್ ಒರೆಸತೊಡಗಿದಳು.

ಏಳು ವರ್ಷ, ತಿಂಗಳಿಗೆ ಎರಡು ಭಾನುವಾರ. ಅವಳು ಮಸಾಲೆ ದೋಸೆಯ ಪಲ್ಯದಿಂದ ಈರುಳ್ಳಿ ಹೆಕ್ಕಿ ತಟ್ಟೆಯ ಅಂಚಿಗಿಡುತ್ತಾಳೆ ಅಂತ ನನಗೆ ಗೊತ್ತು. ಏನು ಓದಬೇಕು ಅಂದುಕೊಂಡಿದ್ದಾಳೆ ಅಂತ ಕೇಳಿರಲಿಲ್ಲ. ಕೇಳಿದರೆ ನಿನ್ನ ಮನೆಯ ವಿಷಯಕ್ಕೆ ತಲೆ ಹಾಕಿದಂತೆ ಆಗುತ್ತದೆ ಅಂತ ಹೆದರಿ, ಮಳೆ, ಮೆಟ್ರೋ, ಟಿನ್ ಫ್ಯಾಕ್ಟರಿಯ ಟ್ರಾಫಿಕ್ ಇಷ್ಟರಲ್ಲೇ ಆರು ಗಂಟೆ ಕಳೆಯುತ್ತಿದ್ದೆವು. ನಾವಿಬ್ಬರೂ ಕೂತು ಪ್ರೊಸೆಸರ್ ಗೊತ್ತು ಮಾಡಿದ್ದು ಹನ್ನೊಂದು ವರ್ಷದ ಹುಡುಗಿಗೆ. ಅವಳು ದೊಡ್ಡವಳಾಗಿದ್ದಾಳೆ, ಷರತ್ತು ಅಲ್ಲೇ ಇದೆ.

ಆ ವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಶಿವಾಜಿನಗರಕ್ಕೂ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಶಂಶುನ್ನೀಸಾ ಅಂತ ಒಬ್ಬಾಕೆ ಹಳೆ ಲ್ಯಾಪ್‌ಟಾಪು ರಿಪೇರಿ ಮಾಡಿ ಮಾರುತ್ತಾರೆ. ನನ್ನ ವಯಸ್ಸಿನವರೇ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಸ್ಕ್ರೂ ಬಿಚ್ಚುತ್ತಾ ಕೂತಿದ್ದರು. ಅವರ ಹತ್ತಿರ ಸಿಕ್ಕಿತು ನೋಡು, ಐ5, ಎಂಟನೇ ಜನರೇಷನ್, ಅಕ್ಷರಶಃ ಒಪ್ಪಂದದಲ್ಲಿ ಇರುವಂಥದ್ದೇ. ಕೈಯಲ್ಲಿ ಹಿಡಿದುಕೊಂಡೆ. ಯಾರಿಗೆ ಅಂತ ಕೇಳಿದರು. ಮಗಳಿಗೆ ಅಂದೆ, ಷರತ್ತಿನ ಕಥೆಯನ್ನೂ ಹೇಳಿದೆ. ಸಾಬ್, ಇದು ಯಾವ್ದೋ ಕಂಪನಿಯಲ್ಲಿ ಏಳು ವರ್ಷ ದುಡಿದು ಬಂದಿರೋ ಮಾಲು. ನೀವು ಕೊಡಿಸ್ತಿರೋದು ಕಾಗದಕ್ಕಾ, ಬೇಟಿಗಾ ಅಂತ ಕೇಳಿ, ನನ್ನ ಕೈಯಿಂದ ಅದನ್ನು ವಾಪಸ್ ತಗೊಂಡು ಕಪಾಟಿನಲ್ಲಿಟ್ಟುಬಿಟ್ಟರು. ಬಂದ ಗಿರಾಕಿಯನ್ನು ಹೀಗೆ ಕಳಿಸುವ ಅಂಗಡಿಯವರನ್ನು ನಾನು ನೋಡಿಯೇ ಇರಲಿಲ್ಲ.

ಹೋಗುವಾಗ ನಿಜವಾಗಿಯೂ ಅದನ್ನೇ ತಂದು ಕೊಟ್ಟುಬಿಡುವ ಯೋಚನೆ ಇತ್ತು. ಕಾಗದದ ಪ್ರಕಾರ ಸರಿ, ನೀನು ಏನೂ ಹೇಳುವಂತಿರಲಿಲ್ಲ. ನೀನು ಆ ಷರತ್ತನ್ನು ಯಾಕೆ ಅಷ್ಟು ಬಿಗಿಯಾಗಿ ಬರೆಸಿದೆ ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಅದನ್ನೂ ಇಲ್ಲೇ ಬರೆದುಬಿಡುತ್ತೇನೆ.

2012ರಲ್ಲಿ, ಜೀವನಭೀಮಾನಗರದ ಕ್ವಾರ್ಟರ್ಸಿನಲ್ಲಿದ್ದಾಗ, ನೀನು ಆರು ತಿಂಗಳು ಕೋರ್ಸ್ ಮಾಡಿ ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ಮಾತು ಕೇಳಿ ಟೈಪ್ ಮಾಡುವ ಕೆಲಸ ಹಿಡಿದೆ. ಮನೆಯಲ್ಲೇ ಕೂತು ಮಾಡಬಹುದಿತ್ತು, ಮಧುರಾಗೆ ಐದು ವರ್ಷ. ಲ್ಯಾಪ್‌ಟಾಪು ತರಲು ನಾನೊಬ್ಬನೇ ಹೋದೆ, ನಿನ್ನನ್ನು ಒಂದು ಮಾತು ಕೇಳಲಿಲ್ಲ. ಇರುವುದರಲ್ಲಿ ತೀರಾ ಕೆಳಗಿನ ಪ್ರೊಸೆಸರಿನದು ತಂದೆ. ನೀನು ಕಿವಿಗೆ ಹೆಡ್‌ಫೋನ್ ಹಾಕಿ ಕೂತರೆ ಡಾಕ್ಟರ ದನಿ ತುಂಡು ತುಂಡಾಗುತ್ತಿತ್ತು. ಒತ್ತಿದ ಅಕ್ಷರ ಎಷ್ಟೋ ಹೊತ್ತಿನ ಮೇಲೆ ಕಾಣಿಸುತ್ತಿತ್ತು. ಇಪ್ಪತ್ತಮೂರನೇ ದಿನ ಆ ಕಂಪನಿಯವರು ನಿನಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ನಿನ್ನ ಬೆರಳು ನಿಧಾನ ಅಂತ ನಾನು ನಿನ್ನ ಅಮ್ಮನ ಎದುರಿಗೇ ಅಂದೆ. ನೀನೂ ಅದನ್ನು ನಂಬಿದೆ ಅಂತ ಕಾಣುತ್ತದೆ, ಮತ್ತೆ ಕೆಲಸಕ್ಕೆ ಪ್ರಯತ್ನಿಸಲಿಲ್ಲ.

ನಿನಗೆ ಗೊತ್ತಿಲ್ಲದ್ದು ಇಷ್ಟು. ಅಂಗಡಿಯವನು ಆವತ್ತೇ ಹೇಳಿದ್ದ. ಈ ಪ್ರೊಸೆಸರ್ ಹಾಡು ಹಾಕಿದರೆ ಹಾಡು, ಟೈಪ್ ಮಾಡಿದರೆ ಟೈಪು, ಎರಡೂ ಒಟ್ಟಿಗೆ ಆಗಲ್ಲ ಎಂದು ಬಿಡಿಸಿ ಹೇಳಿದ್ದ. ಮನೆಯಲ್ಲಿರೋ ಹೆಂಗಸಿಗೆ ಇಷ್ಟು ಸಾಕು ಅಂತ ನಾನಂದೆ. ಬೆರಳಿನದಲ್ಲ ತಪ್ಪು ಅಂತ ಮೊದಲ ದಿನದಿಂದ ಗೊತ್ತಿದ್ದವನು ನಾನೊಬ್ಬನೇ. ಕೋರ್ಟಿನಲ್ಲಿ ಯಾರೂ ಇದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೀಡಿಯೇಷನ್ ಕೋಣೆಯಲ್ಲಿ ನೀನು ಪ್ರೊಸೆಸರಿನ ಹೆಸರು, ನಂಬರು ಸಮೇತ ಬರೆಸಿದಾಗ ಮಧ್ಯಸ್ಥಿಕೆಯ ಮೇಡಂ ನಕ್ಕರು. ನೀನು ನಗಲಿಲ್ಲ. ನಾನು ತಲೆ ಎತ್ತದೆ ಸಹಿ ಹಾಕಿದೆ. ತಪ್ಪಾಯಿತು ಶ್ರೀವಿದ್ಯಾ. ಹದಿಮೂರು ವರ್ಷ ತಡವಾಗಿ ಹೇಳುತ್ತಿದ್ದೇನೆ, ಇದರಿಂದ ನಿನಗೇನೂ ಉಪಯೋಗವಿಲ್ಲ ಅಂತಲೂ ಗೊತ್ತು.

ಈಗ ಕೆಲಸದ ವಿಷಯ. ಇಲ್ಲಿಗೆ ಐದು ಭಾನುವಾರ ಆಯಿತು, ನಾನೂ ಮಧುರಾನೂ ಅಂಗಡಿ ಸುತ್ತುತ್ತಿದ್ದೇವೆ. ಸಿ.ಎಂ.ಎಚ್. ರಸ್ತೆ ಆಯಿತು, ಮಾರತ್ತಹಳ್ಳಿಯಲ್ಲಿ ಮೂರು ಅಂಗಡಿ ಆಯಿತು, ಮತ್ತೆ ಸಿ.ಎಂ.ಎಚ್. ರಸ್ತೆ. ಅವಳು ಪಕ್ಕಾ ನಿನ್ನ ಮಗಳು, ಯಾವುದನ್ನೂ ಸುಲಭಕ್ಕೆ ಒಪ್ಪುವುದಿಲ್ಲ. ಒಂದು ಭಾರ ಅಂದಳು. ಒಂದರ ಫ್ಯಾನ್ ಸದ್ದು ಅಂದಳು. ಪ್ರೊಸೆಸರ್ ಹಿಡಿಸಿದರೆ ಬಣ್ಣ ಹಿಡಿಸುವುದಿಲ್ಲ. ನಿನ್ನೆಯಂತೂ ಭವ್ಯ ಒಂದೂಕಾಲು ಗಂಟೆ ಎರಡು ಲ್ಯಾಪ್‌ಟಾಪು ಪಕ್ಕಪಕ್ಕ ಇಟ್ಟು, ಒಂದೇ ಮನೆಯ ನಕ್ಷೆ ಎರಡರಲ್ಲೂ ತಿರುಗಿಸಿ ತೋರಿಸಿದಳು. ಎಚ್ ಇದ್ದದ್ದು ಸಲೀಸಾಗಿ ತಿರುಗಿಸಿತು, ಯು ಇದ್ದದ್ದು ಗೋಡೆ ಒಂದು ಕಡೆ, ಕಿಟಕಿ ಒಂದು ಕಡೆ ಮಾಡಿ ನಿಂತಿತು. ನಾನು ಇದೇ ಆಗಲಿ ಅಂದೆ. ಮಧುರಾ, ದೀಪಾವಳಿಗೆ ಹೊಸ ಮಾಡೆಲ್ ಬರತ್ತಂತೆ ಅಪ್ಪ, ಅರ್ಜೆಂಟ್ ಏನಿದೆ ಅಂದಳು. ಕಾಲೇಜು ಶುರುವಾಗಿ ತಿಂಗಳಾಗಿದೆ, ಅರ್ಜೆಂಟ್ ಇಲ್ಲದೆ ಏನು?

ಆದ್ದರಿಂದ ನನ್ನ ಪ್ರಸ್ತಾವ ಹೀಗಿದೆ. ಹನ್ನೊಂದನೇ ಷರತ್ತಿನಲ್ಲಿ ಎಂಟನೇ ಜನರೇಷನ್ ಅನ್ನುವ ಬದಲು ಐ5, ಹದಿಮೂರನೇ ಜನರೇಷನ್, ಎಚ್ ಎಂದು ಓದಿಕೊಳ್ಳತಕ್ಕದ್ದು. ಅವಳ ನಕ್ಷೆಗಳಿಗೆ ಅದು ಸರಿಹೋಗುತ್ತದೆ ಎಂದು ಭವ್ಯ ಭರವಸೆ ಕೊಟ್ಟಿದ್ದಾಳೆ. ಕೆಳಗೆ ಜಾಗ ಬಿಟ್ಟಿದ್ದೇನೆ. ಒಪ್ಪಿಗೆಯಾದರೆ ಸಹಿ ಮಾಡಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸು, ಬಂದ ದಿನವೇ ಕೊಂಡು ಅವಳ ಕೈಗೆ ಕೊಡುತ್ತೇನೆ. ಅಲ್ಲಿಗೆ ನನ್ನಿಂದ ಆಗಬೇಕಾದದ್ದೆಲ್ಲ ಆದಂತೆ.

ಅಮ್ಮನಿಗೆ ನಮಸ್ಕಾರ ತಿಳಿಸುವುದು ನಿನಗೆ ಬಿಟ್ಟಿದ್ದು.

ಇಂತಿ,
ಸುದರ್ಶನ್

ತಾ.ಕ.: ಲಕೋಟೆಗೆ ಹಾಕಿ, ಮತ್ತೆ ತೆಗೆದು ಇದನ್ನು ಬರೆಯುತ್ತಿದ್ದೇನೆ. ನಿನ್ನೆ ಅಂಗಡಿಯಿಂದ ಇಬ್ಬರೂ ಇಂದಿರಾನಗರ ಮೆಟ್ರೋಗೆ ಬಂದೆವು, ಅವಳು ಕೆ.ಆರ್. ಪುರಂ ಕಡೆಗೆ, ನಾನು ಹಲಸೂರಿಗೆ. ಅವಳ ಬ್ಯಾಗು ತಪಾಸಣೆಯ ಮೆಷಿನ್ ಒಳಗೆ ಹೋಯಿತು. ಅವಳು ಆಚೆ ಬದಿ ಹೋಗಿ ನಿಂತಿದ್ದಳು, ನಾನು ಈಚೆ, ಸ್ಕ್ರೀನ್ ಕಾಣುವ ಜಾಗದಲ್ಲಿದ್ದೆ. ಬ್ಯಾಗಿನೊಳಗೆ ಲ್ಯಾಪ್‌ಟಾಪು ಇತ್ತು. ಪಕ್ಕದಲ್ಲಿ ಸುತ್ತಿಟ್ಟ ಚಾರ್ಜರಿನ ವೈರು. ಅಂಗಡಿಯಲ್ಲಿ ಅಷ್ಟು ಹೊತ್ತೂ ಆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ನೀನೇ ಕೊಡಿಸಿರಬೇಕು. ನನ್ನನ್ನು ನಂಬಿ ಕೂರಲಿಲ್ಲ, ಅದು ತಪ್ಪಲ್ಲ.

ನಾನು ನೋಡಿದೆ ಅಂತ ಅವಳಿಗೆ ಗೊತ್ತಿಲ್ಲ, ದಯವಿಟ್ಟು ಹೇಳಬೇಡ. ಈಗ ಪತ್ರವನ್ನು ಲಕೋಟೆಗೆ ಹಾಕಿದ ಮೇಲೆ ಅನ್ನಕ್ಕಿಟ್ಟು, ಅದು ಮೂರು ವಿಷಲ್ ಹಾಕುವವರೆಗೆ ಅಡುಗೆಮನೆಯಲ್ಲೇ ನಿಂತಿದ್ದೆ. ಆಮೇಲೆ ಗೊತ್ತಾಯಿತು, ನನಗೆ ಆಗುತ್ತಿರುವುದು ಸಂತೋಷ. ಅವಳಿಗೆ ಬೇಕಾಗಿಲ್ಲದ ಲ್ಯಾಪ್‌ಟಾಪಿನಲ್ಲಿ ತಪ್ಪು ಹುಡುಕುತ್ತಾ ನನ್ನ ಜೊತೆ ಐದು ಭಾನುವಾರ ಕೂತಿದ್ದಾಳೆ.

ಸಹಿ ಮಾಡಬೇಡ. ಈ ಪ್ರೊಸೆಸರ್ ಆಗುವುದಿಲ್ಲ, ಬೇರೆ ನೋಡಿ ಅಂತ ಒಂದು ತಕರಾರು ಬರೆದು ಕಳಿಸು. ಅಕ್ಟೋಬರ್ ಐದು ಮೊದಲನೇ ಭಾನುವಾರ, ಅಷ್ಟರೊಳಗೆ ಬಂದರೆ ಸಾಕು.